ಎಎಂವಿ ಎಡಿಟಿಂಗ್: ಹಾಡು ಆರಿಸುವುದರಿಂದ ಅಪ್‌ಲೋಡ್‌ವರೆಗೆ ಒಂದು ಸಮಗ್ರ ಮಾರ್ಗದರ್ಶಿ

ರೈಲ್ವೆ ಪ್ಲಾಟ್‌ಫಾರಂ ಮೇಲೆ ಒಬ್ಬ ಹುಡುಗಿ ಓಡಿ ಬರುತ್ತಾಳೆ. ಹಾಡಿನಲ್ಲಿ ತಬಲಾದ ಪೆಟ್ಟು ಬೀಳುವ ಹೊತ್ತಿಗೆ ಸರಿಯಾಗಿ ಅವಳ ಎಡಗಾಲು ನೆಲಕ್ಕೆ ತಾಗುತ್ತದೆ. ಮುಂದಿನ ಪೆಟ್ಟಿಗೆ ಮತ್ತೆ ಎಡಗಾಲು. ನಡುವಿನ ಬಿಡುವಿನಲ್ಲಿ ಬಲಗಾಲು. ಅಲ್ಲಿ ಕಟ್ ಇಲ್ಲ, ಫ್ಲ್ಯಾಶ್ ಇಲ್ಲ, ಝೂಮ್ ಇಲ್ಲ. ಆದರೂ ನೋಡುವವರಿಗೆ ಮೈ ಜುಮ್ಮೆನ್ನುತ್ತದೆ.

ಎಎಂವಿ, ಅಂದರೆ ಆನಿಮೆ (ಜಪಾನಿ ಆನಿಮೇಷನ್) ಮ್ಯೂಸಿಕ್ ವಿಡಿಯೋ, ಎಡಿಟ್ ಮಾಡುವ ಖುಷಿ ಪೂರ್ತಿ ಅಲ್ಲೇ ಇದೆ ಎಂದು ನಾನು ನಂಬಿದ್ದೇನೆ. ಕಲಾವಿದರು ಬಿಡಿಸಿದ ಚಲನೆಯನ್ನು ಹಾಡಿನ ತಾಳದ ಮೇಲೆ ಕೂರಿಸಬೇಕು. ಉಳಿದದ್ದೆಲ್ಲ ಅದಾದ ಮೇಲೆ. ಆದರೆ ಹೊಸಬರು ಹುಡುಕಿಕೊಂಡು ಹೋಗುವುದು ಮೊದಲು ಎಫೆಕ್ಟ್‌ಗಳನ್ನೇ. ಅದಕ್ಕೇ ಈ ಬರಹದಲ್ಲಿ ಎಫೆಕ್ಟ್ ತುಂಬಾ ತಡವಾಗಿ ಬರುತ್ತದೆ.

ಇದು ಹೊಸ ಹುಚ್ಚೇನೂ ಅಲ್ಲ. 1982ರಲ್ಲಿ ಅಮೆರಿಕದ ಜಿಮ್ ಕಪೋಸ್ತಾಸ್ ಎಂಬ ಅಭಿಮಾನಿ ಎರಡು ವಿಸಿಆರ್‌ಗಳನ್ನು ಒಂದಕ್ಕೊಂದು ಜೋಡಿಸಿ, 'ಸ್ಟಾರ್ ಬ್ಲೇಜರ್ಸ್' ಸರಣಿಯ ಹೊಡೆದಾಟದ ದೃಶ್ಯಗಳಿಗೆ ಪ್ರೀತಿಯ ಬಗ್ಗೆ ಇರುವ ಒಂದು ಹಾಡು ಕೂರಿಸಿದರು. ಮೊದಲ ಎಎಂವಿ ಎಂದು ಸಾಮಾನ್ಯವಾಗಿ ಹೇಳುವುದು ಇದನ್ನೇ. ಟೇಪ್ ಹಿಂದೆ ಮುಂದೆ ಓಡಿಸಿ, ಅಂದಾಜಿನ ಮೇಲೆ ಬಟನ್ ಒತ್ತಿ ಮಾಡುತ್ತಿದ್ದ ಕೆಲಸ ಅದು. ಇವತ್ತು ನಮ್ಮ ಕೈಯಲ್ಲಿ ಒಂದೊಂದು ಫ್ರೇಮ್, ಅಂದರೆ ವಿಡಿಯೋದ ಒಂದೊಂದು ಬಿಡಿ ಚಿತ್ರ ಕೂಡ ಇದೆ.

ನಾನಿಲ್ಲಿ ಡಾವಿಂಚಿ ರಿಸಾಲ್ವ್ ಸಾಫ್ಟ್‌ವೇರಿನ ಉಚಿತ ಆವೃತ್ತಿಯನ್ನು ಇಟ್ಟುಕೊಂಡು ಹೇಳುತ್ತೇನೆ. ಪ್ರೀಮಿಯರ್, ವೇಗಸ್, ಕೆಡೆನ್‌ಲೈವ್ ಯಾವುದಾದರೂ ಆದೀತು. ಮೊಬೈಲ್‌ನಲ್ಲಿ ಅಲೈಟ್ ಮೋಷನ್ ಅಥವಾ ಕೈನ್‌ಮಾಸ್ಟರ್ ಬಳಸುವವರಿಗೂ ವಿಧಾನ ಇದೇ. ಸಣ್ಣ ಪರದೆಯಲ್ಲಿ ಫ್ರೇಮ್ ಲೆಕ್ಕ ಹಿಡಿಯಲು ತಾಳ್ಮೆ ಸ್ವಲ್ಪ ಜಾಸ್ತಿ ಬೇಕು, ಅಷ್ಟೇ.

ಹಂತ 1: ಹಾಡು

ಮೊದಲ ವಿಡಿಯೋಗೆ ಒಂದೂವರೆ ನಿಮಿಷ ಸಾಕು. ಟಿವಿ ಆನಿಮೆಯ ಓಪನಿಂಗ್ ಹಾಡು ಕೂಡ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಸೆಕೆಂಡಿಗೆ 24 ಫ್ರೇಮಿನಂತೆ 90 ಸೆಕೆಂಡ್ ಅಂದರೆ ಸುಮಾರು 2,160 ಫ್ರೇಮ್. ಒಂದು ಶಾಟ್ ಸರಾಸರಿ ಒಂದೂವರೆ ಸೆಕೆಂಡ್ ಎಂದರೂ 60 ಶಾಟ್ ಬೇಕು. ನಾಲ್ಕೂವರೆ ನಿಮಿಷದ ಪೂರ್ತಿ ಹಾಡು ಹಿಡಿದರೆ 180. ಹಾಗೆ ಶುರು ಮಾಡಿ ಅರ್ಧಕ್ಕೆ ಬಿಟ್ಟ ಪ್ರಾಜೆಕ್ಟ್‌ಗಳು ನನ್ನ ಹಾರ್ಡ್ ಡಿಸ್ಕ್‌ನಲ್ಲೇ ಇವೆ.

ಹಾಡನ್ನು ಕಣ್ಣು ಮುಚ್ಚಿ ಹತ್ತು ಸಲ ಕೇಳಿ. ಏರಿಳಿತ ಎಲ್ಲಿದೆ, ವಾದ್ಯಗಳು ಎಲ್ಲಿ ನಿಲ್ಲುತ್ತವೆ, ಗಾಯಕರು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ ಎಂದು ಗಮನಿಸಿ. ಒಂದೇ ಸಮನೆ ಗದ್ದಲ ಇರುವ ಹಾಡು ಸುಲಭ ಅನ್ನಿಸುತ್ತದೆ. ಆದರೆ ಅದರಲ್ಲಿ ದೃಶ್ಯಕ್ಕೆ ವಿರಾಮ ಸಿಗುವುದಿಲ್ಲ. ತಗ್ಗಿ ನಿಂತು ಮತ್ತೆ ಏರುವ ಹಾಡೇ ಎಡಿಟರ್‌ಗೆ ಒಳ್ಳೆಯದು.

ಹಾಡನ್ನು ಚಿಕ್ಕದು ಮಾಡಬೇಕಾದರೆ ಒಂದು ಚರಣ ತೆಗೆಯಿರಿ. ಕತ್ತರಿ ತಾಳದ ಮೊದಲ ಪೆಟ್ಟಿನ ಮೇಲೇ ಬೀಳಬೇಕು. ಡ್ರಮ್ ಸದ್ದಿನ ಅಡಿಯಲ್ಲಿ ಜೋಡಣೆ ಮುಚ್ಚಿಹೋಗುತ್ತದೆ. ಎರಡು ಮೂರು ಫ್ರೇಮಿನ ಕ್ರಾಸ್‌ಫೇಡ್ (ಒಂದು ಸದ್ದು ಇಳಿಯುತ್ತಾ ಇನ್ನೊಂದು ಏರುವುದು) ಕೊಡಿ. ಫೈಲ್ ಸಾಧ್ಯವಾದರೆ ಧ್ವನಿಯ ಗುಣಮಟ್ಟ ಕೆಡದ ವೇವ್ ಅಥವಾ ಫ್ಲ್ಯಾಕ್ ಇರಲಿ.

ಕನ್ನಡ ಹಾಡು ಆರಿಸಿಕೊಳ್ಳುವವರಿಗೆ ಒಂದು ಮಾತು. ಇಂಗ್ಲಿಷ್ ಮತ್ತು ಜಪಾನಿ ಪಾಪ್ ಹಾಡುಗಳ ಎಣಿಕೆ ಬಹುಪಾಲು ನಾಲ್ಕರದ್ದು. ಎಡಿಟಿಂಗ್ ಪಾಠಗಳೆಲ್ಲ ಅದನ್ನೇ ಹಿಡಿದುಕೊಂಡು ಹೇಳುತ್ತವೆ. ನಮ್ಮ ಭಾವಗೀತೆ, ಜನಪದ ಹಾಡುಗಳಲ್ಲಿ ಎಷ್ಟೋ ಕಡೆ ಎಣಿಕೆ ಮೂರು ಅಥವಾ ಆರರದ್ದು, ತಬಲಾದವರು ದಾದ್ರಾ ಅನ್ನುವ ನಡೆ. ಅದರ ಮೇಲೆ ನಾಲ್ಕರ ಲೆಕ್ಕದಲ್ಲಿ ಕಟ್ ಹಾಕಿದರೆ ಎಲ್ಲವೂ ಜಾರಿದ ಹಾಗೆ ಕಾಣುತ್ತದೆ. ಏನು ತಪ್ಪಾಗಿದೆ ಎಂದು ಗೊತ್ತೇ ಆಗುವುದಿಲ್ಲ. ಕೈಯಲ್ಲಿ ತಾಳ ಹಾಕಿ ನೋಡಿ, ಆಮೇಲೆ ಮೌಸ್ ಹಿಡಿಯಿರಿ.

ಹಂತ 2: ದೃಶ್ಯಗಳನ್ನು ಒಟ್ಟುಮಾಡುವುದು

ಚಿತ್ರದ ಮೇಲೆ ಸಬ್‌ಟೈಟಲ್ ಇರಬಾರದು. ಚಾನೆಲ್ ಲೋಗೋ ಇರಬಾರದು. ಬೇರೆಯವರು ಈಗಾಗಲೇ ಬಣ್ಣ ಬದಲಿಸಿ ಹಂಚಿದ ಸೀನ್ ಪ್ಯಾಕ್ ಕೂಡ ಬೇಡ. ಅದು ಎರಡು ಮೂರು ಸಲ ಕುಗ್ಗಿಸಿದ ಫೈಲ್. ಕಪ್ಪು ಆಕಾಶದಲ್ಲಿ ಪಟ್ಟೆ ಪಟ್ಟೆ ಕಾಣುತ್ತದೆ. ನೀವು ಇನ್ನೊಂದು ಸಲ ಎಕ್ಸ್‌ಪೋರ್ಟ್ ಮಾಡಿದಾಗ ಅದು ಇನ್ನೂ ಕೆಡುತ್ತದೆ.

ಗುಣಮಟ್ಟದಲ್ಲಿ ಬ್ಲೂ-ರೇ ಡಿಸ್ಕ್‌ಗೆ ಸಾಟಿ ಇಲ್ಲ. ಅದರ ಹೆಚ್ಚುವರಿ ವಿಭಾಗದಲ್ಲಿ ಎಷ್ಟೋ ಸಲ ಹೆಸರುಗಳ ಪಟ್ಟಿ ಇಲ್ಲದ ಓಪನಿಂಗ್ ಮತ್ತು ಎಂಡಿಂಗ್ ಇರುತ್ತದೆ. ಎಡಿಟರ್‌ಗಳು ಎನ್‌ಸಿಓಪಿ, ಎನ್‌ಸಿಇಡಿ ಅನ್ನುವುದು ಇವನ್ನೇ. ತರಿಸಿಕೊಳ್ಳುವ ಮೊದಲು ರೀಜನ್ ನೋಡಿ. ಬ್ಲೂ-ರೇಯಲ್ಲಿ ಜಪಾನ್ ಮತ್ತು ಅಮೆರಿಕ ಎ ವಲಯ, ಭಾರತ ಸಿ ವಲಯ. ಡಿವಿಡಿಯಲ್ಲಿ ಜಪಾನ್ 2, ಭಾರತ 5. ಅಲ್ಲಿಂದ ತಂದ ಡಿಸ್ಕ್ ಇಲ್ಲಿಯ ಪ್ಲೇಯರ್‌ನಲ್ಲಿ ಓಡದೇ ಇರಬಹುದು. ಓಟಿಟಿ ಆಪ್‌ನಲ್ಲಿ ಡೌನ್‌ಲೋಡ್ ಮಾಡಿಟ್ಟ ಸಂಚಿಕೆಗೆ ಡಿಆರ್‌ಎಂ ಎಂಬ, ನಕಲು ತಡೆಯುವ ಡಿಜಿಟಲ್ ಬೀಗ ಇರುತ್ತದೆ. ಅದು ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ತೆರೆಯುವುದಿಲ್ಲ. ಬೀಗಗಳ ಬಗ್ಗೆ ಕಾನೂನು ಏನನ್ನುತ್ತದೆ ಎಂಬುದು ಕೊನೆಯಲ್ಲಿ ಇದೆ, ಅದನ್ನು ಓದಿಯೇ ಮುಂದುವರಿಯಿರಿ.

ಫೈಲ್ ಸಿಕ್ಕಿತು ಎಂದು ನೇರವಾಗಿ ಟೈಮ್‌ಲೈನ್‌ಗೆ (ಕ್ಲಿಪ್‌ಗಳನ್ನು ಸಾಲಾಗಿ ಜೋಡಿಸುವ ಪಟ್ಟಿಗೆ) ಎಳೆಯಬೇಡಿ. ಎಚ್.264 ಎಂಬ ವಿಧಾನದಲ್ಲಿ ಕುಗ್ಗಿಸಿದ ಫೈಲ್‌ನಲ್ಲಿ ಪ್ರತಿ ಫ್ರೇಮೂ ಪೂರ್ತಿ ಚಿತ್ರ ಆಗಿರುವುದಿಲ್ಲ. ಆಗೊಮ್ಮೆ ಈಗೊಮ್ಮೆ ಒಂದು ಪೂರ್ತಿ ಚಿತ್ರ, ನಡುವಿನದೆಲ್ಲ 'ಹಿಂದಿನದಕ್ಕಿಂತ ಏನು ಬದಲಾಯಿತು' ಎಂಬ ಲೆಕ್ಕ. ನೋಡುವುದಕ್ಕೆ ಇದು ಚೆನ್ನ. ಆದರೆ ಹಿಂದೆ ಮುಂದೆ ಒಂದೊಂದೇ ಫ್ರೇಮ್ ಸರಿಸುವಾಗ ಕಂಪ್ಯೂಟರ್ ಪ್ರತಿ ಸಲ ಆ ಲೆಕ್ಕ ಬಿಡಿಸಬೇಕು. ಅದಕ್ಕೇ ಲ್ಯಾಪ್‌ಟಾಪ್ ತಡವರಿಸುತ್ತದೆ. ಶಟರ್ ಎನ್‌ಕೋಡರ್ ಎಂಬ ಉಚಿತ ಸಾಫ್ಟ್‌ವೇರ್ ಬಳಸಿ ಕ್ಲಿಪ್‌ಗಳನ್ನು ಡಿಎನ್‌ಎಕ್ಸ್‌ಎಚ್‌ಆರ್ ಅಥವಾ ಪ್ರೋರೆಸ್ ಎಂಬ ಫಾರ್ಮ್ಯಾಟ್‌ಗೆ ಬದಲಿಸಿ. ಅದರಲ್ಲಿ ಪ್ರತಿ ಫ್ರೇಮೂ ಪೂರ್ತಿ ಚಿತ್ರ. ಬೆಲೆ ತೆರಬೇಕಾದದ್ದು ಡಿಸ್ಕ್‌ನ ಜಾಗದಲ್ಲಿ: 1080ಪಿ ಅಳತೆಯ ಡಿಎನ್‌ಎಕ್ಸ್‌ಎಚ್‌ಆರ್ ಎಸ್‌ಕ್ಯೂ ಫೈಲ್‌ನಲ್ಲಿ 24 ನಿಮಿಷದ ಒಂದು ಸಂಚಿಕೆ ಸುಮಾರು 20 ಜಿಬಿ ಆಗುತ್ತದೆ. ಹಾಗಾಗಿ ಪೂರ್ತಿ ಸಂಚಿಕೆ ಬೇಡ. ಬೇಕಾದ ಶಾಟ್‌ಗಳನ್ನು ಆರಿಸಿ, ಅವಷ್ಟನ್ನೇ ಬದಲಿಸಿ. ಎಂಟು ಸೆಕೆಂಡಿನ ಕ್ಲಿಪ್‌ಗೆ ನೂರು ಎಂಬಿ ಚಿಲ್ಲರೆ ಸಾಕು.

ಲಿನಕ್ಸ್ ಬಳಸುವವರಿಗೆ ಈ ಹೆಜ್ಜೆ ತಪ್ಪಿಸಲಾಗದ್ದು. ಅಲ್ಲಿ ರಿಸಾಲ್ವ್‌ನ ಉಚಿತ ಆವೃತ್ತಿ ಎಚ್.264 ಫೈಲ್ ತೆರೆಯುವುದೇ ಇಲ್ಲ.

ಕ್ಲಿಪ್ ಆರಿಸುವಾಗ ಹೆಸರಿನಲ್ಲೇ ಚಲನೆಯನ್ನು ಬರೆದಿಡಿ. 'ಸಂಚಿಕೆ 7 ಕ್ಲಿಪ್ 3' ಎಂದರೆ ಒಂದು ವಾರದ ಮೇಲೆ ಏನೂ ನೆನಪಾಗುವುದಿಲ್ಲ. 'ಓಟ ಎಡದಿಂದ ಬಲಕ್ಕೆ', 'ಕಣ್ಣು ತೆರೆಯುವುದು', 'ಬಾಗಿಲು ಹಾಕುವುದು', 'ತಲೆ ತಿರುಗಿಸುವುದು' ಹೀಗೆ ಬರೆಯಿರಿ. ಬಾಗಿಲು ದಡ್ ಎಂದು ಮುಚ್ಚುವ ಕ್ಲಿಪ್ ಯಾವ ಡ್ರಮ್ ಪೆಟ್ಟಿಗೆ ಬೇಕಾದರೂ ಆಗಿಬರುತ್ತದೆ.

ಹಂತ 3: ಪ್ರಾಜೆಕ್ಟ್ ತೆರೆಯುವುದು, ತಾಳ ಗುರುತಿಸುವುದು

ಒಂದೇ ಒಂದು ಕ್ಲಿಪ್ ಕೂಡ ಒಳಗೆ ತರುವ ಮೊದಲು ಪ್ರಾಜೆಕ್ಟ್ ಸೆಟ್ಟಿಂಗ್ಸ್‌ಗೆ ಹೋಗಿ ಟೈಮ್‌ಲೈನ್ ಫ್ರೇಮ್ ರೇಟ್ 23.976 ಮಾಡಿ. ಆನಿಮೆ ಬ್ಲೂ-ರೇಗಳು ಸಾಮಾನ್ಯವಾಗಿ ಇರುವುದು ಇದರಲ್ಲೇ. 30 ಅಥವಾ 60 ಇಟ್ಟರೆ ಸಾಫ್ಟ್‌ವೇರ್ ಕೆಲವು ಫ್ರೇಮ್‌ಗಳನ್ನು ಎರಡೆರಡು ಸಲ ತೋರಿಸಿ ಹೊಂದಿಸುತ್ತದೆ. ಕ್ಯಾಮೆರಾ ಪಕ್ಕಕ್ಕೆ ಸರಿಯುವ ಶಾಟ್‌ಗಳಲ್ಲಿ ಕುಂಟು ನಡಿಗೆ ಕಾಣುತ್ತದೆ. ಕ್ಲಿಪ್ ಬಂದ ಮೇಲೆ ಈ ಸಂಖ್ಯೆ ಬದಲಿಸಲು ರಿಸಾಲ್ವ್ ಬಿಡುವುದಿಲ್ಲ.

ಈಗ ಹಾಡು ಮಾತ್ರ ಟೈಮ್‌ಲೈನ್ ಮೇಲೆ ಇಡಿ. 15 ಸೆಕೆಂಡಿನಲ್ಲಿ ಎಷ್ಟು ಪೆಟ್ಟು ಬೀಳುತ್ತದೆ ಎಂದು ಎಣಿಸಿ, ನಾಲ್ಕರಿಂದ ಗುಣಿಸಿ. 24 ಬಂದರೆ ನಿಮಿಷಕ್ಕೆ 96 ಪೆಟ್ಟು, ಅಂದರೆ 96 ಬಿಪಿಎಂ. ಒಂದು ಪೆಟ್ಟಿಗೆ 0.625 ಸೆಕೆಂಡ್, ಫ್ರೇಮ್ ಲೆಕ್ಕದಲ್ಲಿ 15. 120 ಬಿಪಿಎಂ ಆದರೆ 12 ಫ್ರೇಮ್. ಈ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದು ಮಾನಿಟರ್‌ಗೆ ಅಂಟಿಸಿಕೊಳ್ಳಿ. ಮುಂದೆ ಎಲ್ಲದಕ್ಕೂ ಇದೇ ಅಳತೆಗೋಲು.

ಹಾಡು ಓಡುತ್ತಿರುವಾಗಲೇ ಎಂ ಕೀ ಒತ್ತುತ್ತಾ ಪ್ರತಿ ಪೆಟ್ಟಿಗೂ ಮಾರ್ಕರ್, ಅಂದರೆ ಗುರುತು ಹಾಕಿ. ಕೈ ಯಾವಾಗಲೂ ಸ್ವಲ್ಪ ತಡವಾಗಿಯೇ ಒತ್ತುತ್ತದೆ. ಆದ್ದರಿಂದ ಆಮೇಲೆ ಟೈಮ್‌ಲೈನ್‌ನಲ್ಲಿ ಹಾಡಿನ ಸದ್ದಿನ ಅಲೆಯ ಚಿತ್ರವನ್ನು ದೊಡ್ಡದು ಮಾಡಿ, ಸದ್ದು ಥಟ್ಟನೆ ಏಳುವ ಜಾಗಕ್ಕೆ ಪ್ರತಿ ಮಾರ್ಕರನ್ನೂ ಸರಿಸಿ. ಮೂರು ಬಣ್ಣ ಇಟ್ಟುಕೊಳ್ಳಿ: ತಾಳಕ್ಕೆ ಒಂದು, ಸಾಹಿತ್ಯದ ಮುಖ್ಯ ಪದಕ್ಕೆ ಒಂದು, ಮೌನಕ್ಕೆ ಒಂದು. ಮೌನಕ್ಕೆ ಮಾರ್ಕರ್ ಹಾಕುವವರು ಕಡಿಮೆ. ಆದರೆ ಹಾಡು ನಿಂತಾಗ ಚಿತ್ರವೂ ನಿಂತರೆ, ಅದು ಹತ್ತು ಕಟ್‌ಗಳಿಗಿಂತ ಗಟ್ಟಿಯಾಗಿ ತಾಗುತ್ತದೆ.

ಹಂತ 4: ಚಲನೆಯನ್ನು ತಾಳಕ್ಕೆ ಕೂರಿಸುವುದು

ಸಿಂಕ್ ಎಂದರೆ ಪೆಟ್ಟಿಗೊಂದು ಕಟ್ ಎಂದು ತುಂಬಾ ಜನ ತಿಳಿದಿದ್ದಾರೆ. ಅದು ಹೊರಗಿನ ಸಿಂಕ್. ಇಪ್ಪತ್ತು ಸೆಕೆಂಡ್ ಚೆನ್ನಾಗಿರುತ್ತದೆ, ಆಮೇಲೆ ಗಡಿಯಾರದ ಟಿಕ್ ಟಿಕ್ ಆಗುತ್ತದೆ. ಒಳಗಿನ ಸಿಂಕ್ ಎಂದರೆ ಶಾಟಿನ ಒಳಗೆ ನಡೆಯುವ ಏನಾದರೊಂದು ಪೆಟ್ಟಿನ ಮೇಲೆ ಬೀಳುವುದು. ಕಾಲು ನೆಲಕ್ಕೆ ತಾಗುವುದು, ಕತ್ತಿಗೆ ಕತ್ತಿ ಬಡಿಯುವುದು, ಕಣ್ಣೀರ ಹನಿ ಬೀಳುವುದು, ಹಕ್ಕಿ ರೆಕ್ಕೆ ಬಡಿಯುವುದು.

ಶುರುವಿನಲ್ಲಿ ಹೇಳಿದ ಆ ಓಟದ ಶಾಟನ್ನೇ ತೆಗೆದುಕೊಳ್ಳೋಣ. ಮೊದಲು ಬಾಣದ ಕೀಯಿಂದ ಫ್ರೇಮ್ ಫ್ರೇಮ್ ಸರಿಸಿ, ಎಡಗಾಲು ನೆಲಕ್ಕೆ ತಾಗುವ ಚಿತ್ರ ಯಾವುದು ಎಂದು ಕ್ಲಿಪ್ ಮೇಲೆಯೇ ಮಾರ್ಕರ್ ಹಾಕಿದೆ. ಎಂಟು ಫ್ರೇಮ್ ಆದ ಮೇಲೆ ಬಲಗಾಲು. ಇನ್ನೆಂಟು ಫ್ರೇಮ್ ಆದ ಮೇಲೆ ಮತ್ತೆ ಎಡಗಾಲು. ಅಂದರೆ ಎಡಗಾಲಿನಿಂದ ಎಡಗಾಲಿಗೆ 16 ಫ್ರೇಮ್. ಹಾಡಿನ ಪೆಟ್ಟು 15 ಫ್ರೇಮಿಗೊಂದು. ಹಾಗೇ ಬಿಟ್ಟರೆ ಮೊದಲ ಹೆಜ್ಜೆ ಸರಿ ಇರುತ್ತದೆ, ನಾಲ್ಕನೇ ಪೆಟ್ಟಿನ ಹೊತ್ತಿಗೆ ಮೂರು ಫ್ರೇಮ್ ತಪ್ಪಿರುತ್ತದೆ, ಕಣ್ಣಿಗೆ ಗೊತ್ತಾಗುತ್ತದೆ. 16 ಅನ್ನು 15ರಿಂದ ಭಾಗಿಸಿದರೆ 1.067. ಕ್ಲಿಪ್ ಮೇಲೆ ರೈಟ್ ಕ್ಲಿಕ್ ಮಾಡಿ, ಚೇಂಜ್ ಕ್ಲಿಪ್ ಸ್ಪೀಡ್‌ನಲ್ಲಿ ಶೇ 107 ಕೊಟ್ಟೆ. ವೇಗ ಹೆಚ್ಚಾದದ್ದು ಯಾರಿಗೂ ತಿಳಿಯುವುದಿಲ್ಲ. ಆದರೆ ಈಗ ಪ್ರತಿ ಪೆಟ್ಟಿಗೂ ಎಡಗಾಲು. ಆಮೇಲೆ ಕ್ಲಿಪ್ ಮೇಲಿನ ಮಾರ್ಕರ್ ಮತ್ತು ಹಾಡಿನ ಮಾರ್ಕರ್ ಒಂದರ ಮೇಲೊಂದು ಬರುವ ಹಾಗೆ ಅಲ್ಪವಿರಾಮ, ಪೂರ್ಣವಿರಾಮದ ಕೀಗಳಿಂದ ಒಂದೊಂದು ಫ್ರೇಮ್ ಸರಿಸಿದೆ. ಒಂದು ಶಾಟಿಗೆ ಕಾಲು ಗಂಟೆ ಹಿಡಿಯಿತು. ಇಡೀ ವಿಡಿಯೋದಲ್ಲಿ ಜನ ನೆನಪಿಟ್ಟುಕೊಂಡದ್ದು ಆ ಶಾಟನ್ನೇ.

ಕಟ್ ಹಾಕುವಾಗ ನನ್ನ ಕಣ್ಣಿಗೆ ಪೆಟ್ಟಿಗಿಂತ ಒಂದು ಫ್ರೇಮ್ ಮೊದಲು ಕತ್ತರಿಸಿದರೆ ಹಿತ. ಹೊಸ ಚಿತ್ರವನ್ನು ಕಣ್ಣು ಹಿಡಿಯಲು ಒಂದಿಷ್ಟು ಸಮಯ ಬೇಕಾಗುತ್ತದೆ, ಅಲ್ವಾ? ಒಂದು ಫ್ರೇಮ್ ತಡವಾದರೆ ಮಾತ್ರ ತಕ್ಷಣ ಕಿರಿಕಿರಿ ಆಗುತ್ತದೆ. ನೀವೂ ಎರಡೂ ರೀತಿ ಮಾಡಿ ನೋಡಿ.

ಎರಡು ಶಾಟ್‌ಗಳ ನಡುವೆ ದಿಕ್ಕನ್ನೂ ಗಮನಿಸಿ. ಮೊದಲ ಶಾಟ್‌ನಲ್ಲಿ ಪಾತ್ರ ಬಲಕ್ಕೆ ಓಡುತ್ತಿದ್ದರೆ, ಮುಂದಿನ ಶಾಟ್‌ನಲ್ಲಿ ಬೇರೆ ಸಂಚಿಕೆಯ ಕ್ಯಾಮೆರಾ ಬಲಕ್ಕೇ ಸರಿಯಲಿ. ಆಗ ಎರಡು ಬೇರೆ ಬೇರೆ ದಿನಗಳ ದೃಶ್ಯ ಒಂದೇ ಉಸಿರಿನಲ್ಲಿ ನಡೆದಂತೆ ಕಾಣುತ್ತದೆ.

ಹಾಡಿನ ಮಾತನ್ನು ಹಾಗೆ ಹಾಗೇ ತೋರಿಸುವ ಆಸೆ ಬರುತ್ತದೆ. ಸಾಹಿತ್ಯದಲ್ಲಿ 'ಮಳೆ' ಬಂತು, ಹಾಕು ಮಳೆ. ಒಂದೆರಡು ಕಡೆ ಸರಿ. ಪ್ರತಿ ಪದಕ್ಕೂ ಹಾಗೆ ಮಾಡಿದರೆ ಒಂದನೇ ತರಗತಿಯ ಚಿತ್ರಪಟದ ಹಾಗಾಗುತ್ತದೆ. ಮಳೆ ಎಂಬ ಪದಕ್ಕೆ ಖಾಲಿ ಬೆಂಚು ತೋರಿಸಿ, ಮುಂದಿನ ಸಾಲಿಗೆ ನೆನೆದ ಕೊಡೆ ತೋರಿಸಿ.

ಹಂತ 5: ತುಟಿ ಚಲನೆ

ಪಾತ್ರವೇ ಹಾಡುತ್ತಿದೆ ಅನ್ನಿಸುವ ಹಾಗೆ ಮಾಡುವುದು ಎಎಂವಿಯ ಹಳೆಯ ಕುಸುರಿ ಕೆಲಸ. ಟಿವಿ ಆನಿಮೆಯಲ್ಲಿ ಸಾಮಾನ್ಯವಾಗಿ ಬಾಯಿಗೆ ಮೂರು ಚಿತ್ರ: ಮುಚ್ಚಿದ್ದು, ಅರೆ ತೆರೆದದ್ದು, ಪೂರ್ತಿ ತೆರೆದದ್ದು. ಜಪಾನಿನಲ್ಲಿ ಇದಕ್ಕೆ ಕುಚಿಪಾಕು ಅನ್ನುತ್ತಾರೆ. ಮೂರೇ ಚಿತ್ರ ಇರುವುದರಿಂದಲೇ ನಮಗೆ ಬೇಕಾದ ಮಾತನ್ನು ಆಡಿಸಬಹುದು.

ತಲೆ ಅಲ್ಲಾಡದ, ಕ್ಯಾಮೆರಾ ಸರಿಯದ ಶಾಟ್ ಹುಡುಕಿ. ಮೂರೂ ಬಾಯಿಯ ಒಂದೊಂದು ಫ್ರೇಮ್ ಚಿತ್ರವಾಗಿ ಉಳಿಸಿಕೊಳ್ಳಿ. ಈಗ ಸಾಲನ್ನು ನಿಧಾನವಾಗಿ ಹೇಳಿಕೊಳ್ಳಿ. ಪ, ಫ, ಬ, ಭ, ಮ ಬಂದಲ್ಲೆಲ್ಲ ನಿಮ್ಮ ತುಟಿ ಮುಚ್ಚುತ್ತದೆ. ಈ ಐದು ಅಕ್ಷರ ಸರಿಹೋದರೆ ಉಳಿದದ್ದನ್ನು ಕಣ್ಣು ಕ್ಷಮಿಸುತ್ತದೆ. 'ಮರಳಿ ಬಾ' ಎಂದು ಹಾಡಿದರೆ: 'ಮ'ಕಾರಕ್ಕೆ ಎರಡು ಫ್ರೇಮ್ ಮುಚ್ಚಿದ ಬಾಯಿ, 'ಅ'ಕಾರಕ್ಕೆ ತೆರೆದದ್ದು, 'ರಳಿ'ಗೆ ಅರೆ ತೆರೆದದ್ದು, 'ಬ'ಕಾರಕ್ಕೆ ಮತ್ತೆ ಎರಡು ಫ್ರೇಮ್ ಮುಚ್ಚಿದ್ದು, ಆಮೇಲೆ 'ಆ' ಎಷ್ಟು ಹೊತ್ತು ಎಳೆಯುತ್ತದೋ ಅಷ್ಟು ಹೊತ್ತು ಪೂರ್ತಿ ತೆರೆದದ್ದು. ಕನ್ನಡದ ಪದಗಳು ಹೆಚ್ಚಾಗಿ ಸ್ವರದಲ್ಲೇ ಮುಗಿಯುವುದರಿಂದ ಸಾಲಿನ ಕೊನೆಯಲ್ಲಿ ಬಾಯಿ ತೆರೆದೇ ಇರುತ್ತದೆ. ಹಾಡುಗಾರರು ಉಸಿರು ಬಿಟ್ಟ ಮೇಲೆ ಮುಚ್ಚಿ. ಯಾವ ಬಾಯಿಯೂ ಎರಡು ಫ್ರೇಮ್‌ಗಿಂತ ಕಡಿಮೆ ಇರಬಾರದು, ನಡುಕ ಬಂದ ಹಾಗೆ ಕಾಣುತ್ತದೆ. ಇಡೀ ವಿಡಿಯೋಗೆ ಇಂಥ ಒಂದೋ ಎರಡೋ ಸಾಲು ಸಾಕು.

ಹಂತ 6: ಸ್ಲೋ ಮೋಷನ್

ಇಲ್ಲಿ ಆನಿಮೆ ಹೇಗೆ ಬಿಡಿಸುತ್ತಾರೆ ಎಂದು ತಿಳಿದಿರಬೇಕು. ಸೆಕೆಂಡಿಗೆ 24 ಫ್ರೇಮ್ ಇದ್ದರೂ 24 ಚಿತ್ರ ಇರುವುದಿಲ್ಲ. ಒಂದು ಚಿತ್ರವನ್ನು ಎರಡು ಅಥವಾ ಮೂರು ಫ್ರೇಮ್ ಹಿಡಿದಿರುತ್ತಾರೆ, ಅಂದರೆ ಸೆಕೆಂಡಿಗೆ 12 ಅಥವಾ 8 ಚಿತ್ರ. ಅದನ್ನು ಅರ್ಧ ವೇಗಕ್ಕೆ ಇಳಿಸಿದರೆ ಒಂದೊಂದು ಚಿತ್ರ ನಾಲ್ಕರಿಂದ ಆರು ಫ್ರೇಮ್ ನಿಲ್ಲುತ್ತದೆ. ಸ್ಲೋ ಮೋಷನ್ ಹೋಗಿ ಸ್ಲೈಡ್ ಶೋ ಆಗುತ್ತದೆ.

ಹಾಗಾದರೆ ಆಪ್ಟಿಕಲ್ ಫ್ಲೋ ಅಥವಾ ಟ್ವಿಕ್ಸ್ಟರ್ ಹಾಕಿದರೆ? ಅವು ಎರಡು ಫ್ರೇಮ್‌ಗಳ ನಡುವಿನ ಚಲನೆಯನ್ನು ಊಹಿಸಿ ಹೊಸ ಫ್ರೇಮ್ ಸೃಷ್ಟಿಸುತ್ತವೆ. ಎರಡು ಫ್ರೇಮ್ ಒಂದೇ ಆಗಿದ್ದು ಮೂರನೆಯದು ಹಾರಿದರೆ, ಅವು 'ನಿಂತಿದೆ, ನಿಂತಿದೆ, ಜಿಗಿಯಿತು' ಎಂದೇ ತಿಳಿಯುತ್ತವೆ. ಮೊದಲು ಪುನರಾವರ್ತನೆ ಆದ ಫ್ರೇಮ್‌ಗಳನ್ನು ತೆಗೆಯಬೇಕು, ಆಮೇಲೆ ನಿಧಾನ ಮಾಡಬೇಕು. ಆಗಲೂ ಬೆರಳು, ಕೂದಲಿನ ಅಂಚು ರಬ್ಬರಿನ ಹಾಗೆ ಎಳೆದುಕೊಳ್ಳುತ್ತವೆ. ನನಗೆ ಇದು ಇಷ್ಟವಿಲ್ಲ. ಆನಿಮೇಟರ್ ಎಲ್ಲಿ ಚಿತ್ರ ಹಿಡಿಯಬೇಕು, ಎಲ್ಲಿ ಬಿಡಬೇಕು ಎಂದು ಯೋಚಿಸಿಯೇ ಬಿಡಿಸಿರುತ್ತಾರೆ. ಅದನ್ನು ಕರಗಿಸಿ ನುಣ್ಣಗೆ ಮಾಡಿದರೆ ಪೆಟ್ಟಿನ ತೂಕ ಹೋಗುತ್ತದೆ. ನಿಧಾನ ಬೇಕಿದ್ದರೆ ಕ್ಯಾಮೆರಾ ಮಾತ್ರ ಸರಿಯುವ ಶಾಟ್ ಆರಿಸಿ. ಆಕಾಶ, ಮೋಡ, ಊರಿನ ನೋಟ. ಅವು ಸಾಮಾನ್ಯವಾಗಿ ಪ್ರತಿ ಫ್ರೇಮಿಗೂ ಸರಿಯುತ್ತವೆ, ನಿಧಾನ ಮಾಡಿದರೂ ಚೆನ್ನಾಗಿ ಕಾಣುತ್ತವೆ.

ಹಂತ 7: ಬಣ್ಣ ಮತ್ತು ಎಫೆಕ್ಟ್

ಬೇರೆ ಬೇರೆ ಸಂಚಿಕೆಯ ಶಾಟ್‌ಗಳು ಅಕ್ಕಪಕ್ಕ ಬಂದಾಗ ಬಣ್ಣ ಸ್ವಲ್ಪ ಹೊಂದಿಸಿ. ಮುಖದ ಬಣ್ಣ ಮತ್ತು ಕಪ್ಪಿನ ಆಳ ಹೊಂದಿದರೆ ಸಾಕು.

ಎಫೆಕ್ಟ್ ಹಾಕುವ ಮೊದಲು ಒಂದು ಪರೀಕ್ಷೆ. ಆ ಎಫೆಕ್ಟ್ ಆಫ್ ಮಾಡಿ ನೋಡಿ. ಸಿಂಕ್ ಆಗಲೂ ನಿಂತರೆ, ಎಫೆಕ್ಟ್ ಬೇಕಿದ್ದರೆ ಇಟ್ಟುಕೊಳ್ಳಿ. ಕುಸಿದರೆ ಹಂತ 4ಕ್ಕೆ ವಾಪಸ್ ಹೋಗಿ.

ಫ್ಲ್ಯಾಶ್ ವಿಷಯದಲ್ಲಿ ಮಾತ್ರ ನಾನು ಖಡಾಖಂಡಿತ. 1997ರ ಡಿಸೆಂಬರ್ 16ರಂದು ಜಪಾನಿನಲ್ಲಿ 'ಪೊಕೆಮಾನ್' ಸರಣಿಯ ಒಂದು ಸಂಚಿಕೆಯಲ್ಲಿ ಕೆಂಪು ಮತ್ತು ನೀಲಿ ಬೆಳಕು ವೇಗವಾಗಿ ಮಿನುಗಿತು. ಅದನ್ನು ನೋಡಿ 600ಕ್ಕೂ ಹೆಚ್ಚು ಜನ, ಬಹುಪಾಲು ಮಕ್ಕಳು, ಆಸ್ಪತ್ರೆಗೆ ಹೋಗಬೇಕಾಯಿತು. ಅದಾದ ಮೇಲೆ ಅಲ್ಲಿಯ ಟಿವಿಯವರು ಮಿನುಗುವ ಬೆಳಕಿಗೆ ನಿಯಮ ಮಾಡಿಕೊಂಡರು. ಹೊಡೆದಾಟದ ದೃಶ್ಯಗಳು ಟಿವಿ ಪ್ರಸಾರದಲ್ಲಿ ಮಬ್ಬಾಗಿ, ಬ್ಲೂ-ರೇಯಲ್ಲಿ ಬೆಳಗುವುದಕ್ಕೆ ಇದೂ ಒಂದು ಕಾರಣ. ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಫ್ಲ್ಯಾಶ್ ಹಾಕಬೇಡಿ. ಅಚ್ಚ ಬಿಳಿಯ ಬದಲು ಬೂದು ಬಿಳಿ ಬಳಸಿ. ಪೂರ್ತಿ ಪರದೆ ಕೆಂಪಾಗಿ ಮಿನುಗುವುದು ಬೇಡವೇ ಬೇಡ. ನಿಮ್ಮ ವಿಡಿಯೋ ಯಾವ ಮಗು ಯಾವ ಕತ್ತಲೆ ಕೋಣೆಯಲ್ಲಿ ನೋಡುತ್ತದೋ ನಿಮಗೆ ತಿಳಿಯುವುದಿಲ್ಲ.

ಹಂತ 8: ಎಕ್ಸ್‌ಪೋರ್ಟ್

ಡೆಲಿವರ್ ಪುಟದಲ್ಲಿ ಎಂಪಿ4, ಎಚ್.264, 23.976 ಫ್ರೇಮ್. 1080ಪಿಗೆ ಯೂಟ್ಯೂಬ್ ಸಲಹೆ ಮಾಡುವ ಬಿಟ್‌ರೇಟ್ 8 ಎಂಬಿಪಿಎಸ್, ಅಂದರೆ ಸೆಕೆಂಡಿಗೆ 8 ಮೆಗಾಬಿಟ್. ಅದು ಕನಿಷ್ಠ ಎಂದು ತಿಳಿದು 20 ಕೊಡಿ. ಅವರು ಹೇಗೂ ಮತ್ತೆ ಕುಗ್ಗಿಸುತ್ತಾರೆ. 2560×1440 ಅಳತೆಗೆ ಹಿಗ್ಗಿಸಿ ಹಾಕಿದರೆ ಯೂಟ್ಯೂಬ್ ಹೆಚ್ಚು ಬಿಟ್‌ರೇಟ್ ಕೊಡುತ್ತದೆ, ಕತ್ತಲ ದೃಶ್ಯಗಳು ಉಳಿಯುತ್ತವೆ. ಧ್ವನಿಯ ಅತಿ ಎತ್ತರ ಮೈನಸ್ 1 ಡೆಸಿಬಲ್ ದಾಟಬಾರದು.

ಎಕ್ಸ್‌ಪೋರ್ಟ್ ಆದ ಫೈಲನ್ನು ಆ ಆನಿಮೆ ನೋಡದ ಒಬ್ಬರಿಗೆ ತೋರಿಸಿ. ಏನೂ ವಿವರಿಸಬೇಡಿ. ಪರದೆ ಬಿಟ್ಟು ಅವರ ಮುಖ ನೋಡುತ್ತಿರಿ. ಎಲ್ಲಿ ಕಣ್ಣು ಪಕ್ಕಕ್ಕೆ ಹೋಯಿತೋ ಆ ಸೆಕೆಂಡ್ ಬರೆದುಕೊಳ್ಳಿ. ಅಲ್ಲಿ ಶಾಟ್ ಬದಲಿಸಬೇಕು.

ಹಂತ 9: ಹಕ್ಕು ಮತ್ತು ಅಪ್‌ಲೋಡ್

ಚಿತ್ರ ನಮ್ಮದಲ್ಲ, ಹಾಡೂ ನಮ್ಮದಲ್ಲ. ಇದನ್ನು ನೇರವಾಗಿ ಒಪ್ಪಿಕೊಂಡೇ ಕೆಲಸ ಮಾಡಬೇಕು. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ ಖಾಸಗಿ ಬಳಕೆ, ವಿಮರ್ಶೆ, ಸುದ್ದಿ ಇಂಥ ಕೆಲವು ಉದ್ದೇಶಗಳಿಗೆ ವಿನಾಯಿತಿ ಕೊಡುತ್ತದೆ. ಸಾರ್ವಜನಿಕವಾಗಿ ಹಾಕಿದ ಎಎಂವಿ ಅದರೊಳಗೆ ಸಲೀಸಾಗಿ ಸೇರುವುದಿಲ್ಲ. 2012ರ ತಿದ್ದುಪಡಿಯಲ್ಲಿ ಬಂದ 65ಎ ಕಲಂ, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಡಿಜಿಟಲ್ ಬೀಗ ಮುರಿಯುವುದನ್ನು ಅಪರಾಧ ಎನ್ನುತ್ತದೆ. ದೂರು ಹೆಚ್ಚಾಗಿ ಬರುವುದು ಹಾಡಿನ ಕಡೆಯಿಂದ. 2005ರಲ್ಲಿ ವೈಂಡ್-ಅಪ್ ರೆಕಾರ್ಡ್ಸ್ ಕೇಳಿದ್ದಕ್ಕೆ, ಎಎಂವಿಗಳ ದೊಡ್ಡ ತಾಣವಾದ ಆನಿಮೆಮ್ಯೂಸಿಕ್‌ವಿಡಿಯೋಸ್ ಡಾಟ್ ಆರ್ಗ್ ಆ ಕಂಪನಿಯ ತಂಡಗಳ ಹಾಡು ಇದ್ದ ವಿಡಿಯೋಗಳನ್ನು ತೆಗೆಯಬೇಕಾಯಿತು.

ಯೂಟ್ಯೂಬ್‌ನಲ್ಲಿ ಅಪ್‌ಲೋಡ್ ಮಾಡುವಾಗ ಚೆಕ್ಸ್ ಎಂಬ ಹಂತ ಬರುತ್ತದೆ. ಅದು ಮುಗಿಯುವವರೆಗೆ ಕಾಯಿರಿ, ವಿಡಿಯೋ ಪ್ರೈವೇಟ್ ಇರಲಿ. ಕಂಟೆಂಟ್ ಐಡಿ (ಹಕ್ಕಿರುವ ಹಾಡು, ಚಿತ್ರವನ್ನು ತಾನಾಗಿ ಗುರುತಿಸುವ ಯೂಟ್ಯೂಬ್ ವ್ಯವಸ್ಥೆ) ಕ್ಲೇಮ್ ಬಂದರೆ ಗಾಬರಿ ಬೇಡ, ಅದು ಸ್ಟ್ರೈಕ್ ಅಲ್ಲ. ಹಕ್ಕುದಾರರು ವಿಡಿಯೋ ತಡೆಯಬಹುದು, ಜಾಹೀರಾತಿನ ಹಣ ತಾವು ಪಡೆಯಬಹುದು, ಸುಮ್ನೆ ಎಷ್ಟು ಜನ ನೋಡಿದರು ಎಂದು ಗಮನಿಸುತ್ತಲೂ ಇರಬಹುದು. ಸ್ಟ್ರೈಕ್ ಬೇರೆ, ಅದು ಹಕ್ಕುದಾರರು ದೂರು ಕೊಟ್ಟು ವಿಡಿಯೋ ತೆಗೆಸಿದಾಗ ಬೀಳುವುದು. 90 ದಿನದೊಳಗೆ ಮೂರು ಬಂದರೆ ಚಾನೆಲ್ಲೇ ಹೋಗುತ್ತದೆ. ಯಾರಾದರೂ ತೆಗೆಯಿರಿ ಎಂದರೆ ತೆಗೆದುಬಿಡಿ. ಈ ವಿಡಿಯೋಗಳಿಂದ ದುಡ್ಡು ಮಾಡುವ ಯೋಚನೆ ಬೇಡ.

ವಿವರಣೆಯಲ್ಲಿ ಆನಿಮೆಯ ಹೆಸರು, ಸ್ಟುಡಿಯೋ, ಹಾಡು, ಗಾಯಕರು, ಸಂಗೀತ, ಸಾಹಿತ್ಯ ಎಲ್ಲವನ್ನೂ ಬರೆಯಿರಿ. ಇನ್ನೂ ಒಂದು ಸಾಲು ಸೇರಿಸಿ. ಸಂಚಿಕೆಯ ಕೊನೆಯಲ್ಲಿ ಬರುವ ಪಟ್ಟಿಯಲ್ಲಿ 'ಗೆಂಗಾ' ಎಂಬ ವಿಭಾಗ ಇರುತ್ತದೆ. ಮುಖ್ಯ ಚಲನೆಗಳನ್ನು ಬಿಡಿಸಿದ ಕೀ ಆನಿಮೇಟರ್‌ಗಳ ಹೆಸರು ಅಲ್ಲಿರುವುದು. ಜಪಾನಿ ಅಕ್ಷರ ಓದಲು ಬಾರದಿದ್ದರೆ ಅನುವಾದದ ಆಪ್‌ನ ಕ್ಯಾಮೆರಾ ಹಿಡಿದರೆ ಸಾಕು. ನನ್ನ ಆ ಓಟದ ಶಾಟ್ ಇದ್ದ ಸಂಚಿಕೆಯಲ್ಲಿ 11 ಹೆಸರುಗಳಿದ್ದವು. ಕಾಲು ಬಿಡಿಸಿದ್ದು ಅವರಲ್ಲಿ ಯಾರೋ, 11 ಹೆಸರನ್ನೂ ಬರೆದೆ.